ನರ ತೆಗೆಸಿದ ಹಲ್ಲು ಕಚ್ಚಿದಾಗ ಯಾಕೆ ನೋಯುತ್ತೆ? ರೂಟ್ ಕೆನಾಲ್ ಮಾಡಿಸಿದವರು ತಿಳಿದಿರಬೇಕಾದ ವಿಷಯ

ಚನ್ನಗಿರಿ: ರೂಟ್ ಕೆನಾಲ್ ಮಾಡಿಸಿದ್ದಾಯ್ತು, ಮೂರ್ನಾಲ್ಕು ಸಲ ಕ್ಲಿನಿಕ್‌ಗೆ ಓಡಾಡಿದ್ದಾಯ್ತು, ದುಡ್ಡೂ ಕಟ್ಟಿದ್ದಾಯ್ತು. ರಾತ್ರಿ ನಿದ್ದೆ ಕೆಡಿಸ್ತಿದ್ದ ನೋವು ಹೋಗಿದೆ. ಆದ್ರೆ ರೊಟ್ಟಿ ಚೂರು ಆ ಕಡೆ ಹೋದ್ರೆ ಸಾಕು, ಚುಳುಕ್ ಅನ್ನುತ್ತೆ. ‘ನರಾನೇ ತೆಗೆದ ಮೇಲೆ ನೋವು ಎಲ್ಲಿಂದ ಬರುತ್ತೆ? ಡಾಕ್ಟ್ರು ಸರಿಯಾಗಿ ಮಾಡಿಲ್ಲ’ ಅನ್ನೋ ತೀರ್ಮಾನಕ್ಕೆ ಹೆಚ್ಚಿನವರು ಬಂದುಬಿಡ್ತಾರೆ.

ಈ ತೀರ್ಮಾನ ಕೆಲವು ಸಲ ಸರಿ, ಬಹಳ ಸಲ ತಪ್ಪು. ತಪ್ಪಾದಾಗ ನಷ್ಟ ಎರಡು ಥರ. ಹತ್ತು ನಿಮಿಷದಲ್ಲಿ ಸರಿಹೋಗುವ ತೊಂದರೆಗೆ ಕೆಲವರು ಬೇಸತ್ತು ಹಲ್ಲೇ ಕೀಳಿಸಿಬಿಡ್ತಾರೆ. ಇನ್ನು ಕೆಲವರು ತಕ್ಷಣ ತೋರಿಸಬೇಕಾದ ಹಲ್ಲನ್ನು ನೋವಿನ ಮಾತ್ರೆ ನುಂಗ್ತಾ ತಿಂಗಳುಗಟ್ಟಲೆ ತಳ್ತಾರೆ, ಕೊನೆಗೆ ಅವರೂ ಕೀಳಿಸ್ತಾರೆ. ಯಾವ ನೋವು ಕಾಯುವಂಥದ್ದು, ಯಾವುದು ಕಾಯಬಾರದ್ದು ಅಂತ ಗೊತ್ತಿದ್ರೆ ಹಲ್ಲೂ ಉಳಿಯುತ್ತೆ, ಹಾಕಿದ ದುಡ್ಡೂ ಉಳಿಯುತ್ತೆ.

ನರ ಹೋದ್ರೂ ಹಲ್ಲಿಗೆ ಒತ್ತಡ ಗೊತ್ತಾಗುತ್ತೆ

ಹಲ್ಲಿನ ಒಳಗೆ ಮಧ್ಯದಲ್ಲಿ ಮೆತ್ತಗಿನ ತಿರುಳು ಇರುತ್ತೆ. ಅದರಲ್ಲಿ ನರ, ರಕ್ತನಾಳ ಎರಡೂ ಇವೆ. ಹುಳುಕು ಅಲ್ಲಿಯವರೆಗೆ ಇಳಿದಾಗ ತಿರುಳು ಊದಿಕೊಂಡು ಜೀವ ಹಿಂಡುವ ನೋವು ಶುರುವಾಗುತ್ತೆ. ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಡಾಕ್ಟರ್ ಈ ತಿರುಳನ್ನು ತೆಗೆದು, ಬೇರಿನೊಳಗಿನ ಸಣ್ಣ ನಾಲೆಗಳನ್ನು ಸೂಜಿಯಂಥ ಫೈಲ್‌ಗಳಿಂದ ಉಜ್ಜಿ, ಔಷಧಿ ನೀರಲ್ಲಿ ತೊಳೆದು, ಗಟ್ಟಾ ಪರ್ಚಾ ಅನ್ನೋ ರಬ್ಬರಿನಂಥ ವಸ್ತು ತುಂಬಿ ಮುಚ್ಚುತ್ತಾರೆ.

ಹೋಗಿದ್ದು ಹಲ್ಲಿನ ಒಳಗಿನ ನರ ಮಾತ್ರ. ಹಲ್ಲು ದವಡೆ ಮೂಳೆಗೆ ನೇರವಾಗಿ ಅಂಟಿಕೊಂಡಿರಲ್ಲ. ಬೇರಿನ ಸುತ್ತ ಒಂದು ತೆಳ್ಳನೆಯ ಪದರ ಇರುತ್ತೆ, ದಪ್ಪ ಸುಮಾರು 0.2 ಮಿಲಿಮೀಟರ್ ಅಷ್ಟೇ. ಗಾಡಿ ಎಂಜಿನ್ನಿಗೂ ಚಾಸಿಗೂ ನಡುವೆ ರಬ್ಬರ್ ಬುಷ್ ಕೂರಿಸಿರ್ತಾರಲ್ಲ, ಇದರ ಕೆಲಸವೂ ಅಂಥದ್ದೇ. ಅಗಿಯುವಾಗ ಬೀಳುವ ಒತ್ತಡವನ್ನು ಈ ಪದರ ತಡೆದುಕೊಳ್ಳುತ್ತೆ. ಇದರಲ್ಲಿ ಬೇರೆಯದೇ ನರಗಳಿವೆ. ಅನ್ನದಲ್ಲಿ ಒಂದು ಸಣ್ಣ ಕಲ್ಲು ಸಿಕ್ಕರೂ ತಕ್ಷಣ ಗೊತ್ತಾಗೋದು ಮುಖ್ಯವಾಗಿ ಈ ನರಗಳಿಂದ. ರೂಟ್ ಕೆನಾಲ್ ಆದ ಹಲ್ಲಿಗೂ ಕಲ್ಲು ಸಿಕ್ಕಿದ್ದು ಗೊತ್ತಾಗುತ್ತೆ, ಯಾಕಂದ್ರೆ ಈ ಪದರವನ್ನು ಯಾರೂ ತೆಗೆದಿರಲ್ಲ.

ಹಾಗಾಗಿ ಕಚ್ಚಿದಾಗ ಬರುವ ನೋವು ಹೆಚ್ಚಾಗಿ ಹಲ್ಲಿನ ಸುತ್ತಲಿಂದ ಬರುವ ನೋವು. ಆ ಪದರ ಯಾಕೆ ಕೆರಳಿದೆ ಅನ್ನೋದೇ ಹುಡುಕಬೇಕಾದ ವಿಷಯ.

ಮೊದಲ ವಾರದ ನೋವಿಗೆ ಗಾಬರಿ ಬೇಡ

ಬೇರಿನ ತುದಿಯವರೆಗೆ ಫೈಲ್ ಹೋಗಿ ಬಂದಿರುತ್ತೆ, ಔಷಧಿ ಹರಿದಿರುತ್ತೆ. ಚಿಕಿತ್ಸೆಗೆ ಮೊದಲೇ ಸೋಂಕಿನಿಂದ ಅಲ್ಲಿ ಊತ ಇದ್ದಿರಬಹುದು. ಕಾಲಿಗೆ ಚುಚ್ಚಿದ ಮುಳ್ಳು ತೆಗೆದ ಮೇಲೂ ಆ ಜಾಗ ಎರಡು ದಿನ ಮುಟ್ಟಿದ್ರೆ ನೋಯುತ್ತಲ್ಲ, ಹಾಗೇ ಇದು. ಒತ್ತಿದ್ರೆ ನೋವು, ಒತ್ತದೇ ಇದ್ರೆ ಇಲ್ಲ.

ಇದು ಎಷ್ಟು ಜನಕ್ಕೆ ಬರುತ್ತೆ? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯ ಪ್ರಕಾರ, ರೂಟ್ ಕೆನಾಲ್ ಆಗಿ 24 ಗಂಟೆ ಕಳೆದಾಗ 100ರಲ್ಲಿ ಸುಮಾರು 40 ಜನಕ್ಕೆ ನೋವಿತ್ತು. 7 ದಿನ ಕಳೆದಾಗ ಅದು ಸುಮಾರು 11 ಜನಕ್ಕೆ ಇಳಿದಿತ್ತು. ಅಂದ್ರೆ ಮೊದಲ ದಿನ ನೋವು ಬರೋದು ವಿಶೇಷ ಏನಲ್ಲ. ವಾರದೊಳಗೆ ಇಳಿಯೋದೂ ಸಾಮಾನ್ಯ.

ಇಲ್ಲಿ ನೋಡಬೇಕಾದ್ದು ನೋವು ಯಾವ ಕಡೆ ಹೊರಟಿದೆ ಅಂತ. ನಿನ್ನೆಗಿಂತ ಇವತ್ತು ಕಮ್ಮಿ, ಇವತ್ತಿಗಿಂತ ನಾಳೆ ಕಮ್ಮಿ ಅನ್ನೋ ಹಾಗಿದ್ರೆ ಗಾಯ ಮಾಗ್ತಿದೆ ಅಂತ ಅರ್ಥ. ಆ ಕೆಲವು ದಿನ ಇನ್ನೊಂದು ಕಡೆ ಅಗಿಯಬೇಕು. ಮೆತ್ತಗಿನ ಅನ್ನ ಸಾರು, ಮುದ್ದೆ, ಇಡ್ಲಿ ಆಗಬಹುದು. ಕಡಕ್ ರೊಟ್ಟಿ, ಹುರಿಗಡಲೆ, ಚಕ್ಕುಲಿ, ಅಡಿಕೆ ಬೇಡ. ನೋವಿದೆ ಅಂತ ಆ ಕಡೆ ಹಲ್ಲು ಉಜ್ಜೋದನ್ನ ಮಾತ್ರ ಬಿಡಬಾರದು. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿದ್ರೆ ಒಸಡಿಗೆ ಹಿತ ಅನ್ನಿಸುತ್ತೆ.

ಎತ್ತರ ಆದ ಸಿಮೆಂಟ್, ಎತ್ತರ ಆದ ಕ್ಯಾಪ್

ಕಚ್ಚಿದಾಗ ನೋವಿಗೆ ಬಹಳ ಸಾಮಾನ್ಯವಾದ, ಬಹಳ ಸುಲಭವಾಗಿ ಸರಿಹೋಗುವ ಕಾರಣ ಇದು. ಚಿಕಿತ್ಸೆ ಮುಗಿದ ಮೇಲೆ ಹಲ್ಲಿನ ತೂತಿಗೆ ಸಿಮೆಂಟ್ ತುಂಬ್ತಾರೆ, ಆಮೇಲೆ ಕ್ಯಾಪ್ ಕೂರಿಸ್ತಾರೆ. ಅದು ಕೂದಲೆಳೆಯಷ್ಟು ಎತ್ತರ ಆಗಿದ್ರೂ ಬಾಯಿ ಮುಚ್ಚಿದಾಗ ಉಳಿದ ಹಲ್ಲಿಗಿಂತ ಮೊದಲು ಅದೇ ತಾಗುತ್ತೆ. ಇಡೀ ದವಡೆಯ ಬಲ ಮೊದಲು ಅದೊಂದರ ಮೇಲೆ ಬೀಳುತ್ತೆ. ದಿನಕ್ಕೆ ನೂರಾರು ಸಲ ಹೀಗೆ ಗುದ್ದಿಸಿಕೊಂಡ ಪದರ ಊದಿಕೊಳ್ಳದೆ ಇರುತ್ತಾ?

ಇದು ಕ್ಲಿನಿಕ್‌ನಲ್ಲೇ ಯಾಕೆ ಗೊತ್ತಾಗಲ್ಲ ಅಂದ್ರೆ, ಆಗ ಬಾಯಿ ಇಂಜೆಕ್ಷನ್ನಿಂದ ಮರಗಟ್ಟಿರುತ್ತೆ. ‘ಸರಿ ಇದೆಯಾ?’ ಅಂತ ಡಾಕ್ಟರ್ ಕೇಳಿದ್ರೆ ‘ಹೂಂ ಸಾರ್’ ಅಂತ ಎದ್ದು ಬಂದಿರ್ತೀವಿ. ಸಂಜೆ ಮರಗಟ್ಟಿದ್ದು ಇಳಿದ ಮೇಲೆ ಏನೋ ಅಡ್ಡ ಸಿಕ್ಕ ಹಾಗೆ ಅನ್ನಿಸೋಕೆ ಶುರುವಾಗುತ್ತೆ.

ಗುರುತು ಹಿಡಿಯೋದು ಸುಲಭ. ಮೆಲ್ಲಗೆ ಬಾಯಿ ಮುಚ್ಚಿದಾಗ ಆ ಹಲ್ಲು ಮೊದಲು ತಾಗ್ತಿದೆ ಅನ್ನಿಸಿದ್ರೆ ಅದೇ ಕಾರಣ ಇರಬಹುದು. ಡಾಕ್ಟರ್ ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದ ಜಾಗ ಸ್ವಲ್ಪ ಉಜ್ಜಿ ಕೊಡ್ತಾರೆ. ಸಾಮಾನ್ಯವಾಗಿ ಇಂಜೆಕ್ಷನ್ ಕೂಡ ಬೇಕಾಗಲ್ಲ, ಹತ್ತು ನಿಮಿಷದ ಕೆಲಸ. ‘ಅಗಿದು ಅಗಿದು ತಾನೇ ಸವೆದು ಸರಿಹೋಗುತ್ತೆ’ ಅಂತ ಕೂರೋದು ತಪ್ಪು. ಕ್ಯಾಪ್ ಸವೆಯೋಕೆ ಮೊದಲು ಹಲ್ಲಿನ ಬುಡ ನೋಯುತ್ತೆ, ಹಲ್ಲು ಸಡಿಲ ಅನ್ನಿಸೋಕೂ ಶುರುವಾಗಬಹುದು.

ಬಿಟ್ಟುಹೋದ ನಾಲೆ, ಉಳಿದ ಸೋಂಕು

ಕೆನಾಲ್ ಅಂದ್ರೆ ನಾಲೆ. ಭದ್ರಾ ನಾಲೆ ನೋಡಿದವರಿಗೆ ಗೊತ್ತು, ಮುಖ್ಯ ನಾಲೆ ಒಂದೇ ಕಂಡರೂ ಅದರಿಂದ ಹೊರಡುವ ಕವಲು ಎಷ್ಟೋ. ಹಲ್ಲಿನ ಬೇರಲ್ಲೂ ಹಾಗೇ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ನಾಲೆ. ಕೆಳಗಿನ ದವಡೆ ಹಲ್ಲಿಗೆ ಮೂರು, ಕೆಲವರಿಗೆ ನಾಲ್ಕು. ಮೇಲಿನ ಮೊದಲ ದವಡೆ ಹಲ್ಲಿಗೆ ಮೂರು ಬೇರಿದ್ದರೂ ಬಹಳ ಜನಕ್ಕೆ ನಾಲ್ಕು ನಾಲೆ ಇರುತ್ತೆ. ಆ ನಾಲ್ಕನೆಯದರ ಬಾಯಿ ತುಂಬಾ ಸಣ್ಣದು, ಅನುಭವಿಗಳ ಕಣ್ಣಿಗೂ ತಪ್ಪಿಸಿಕೊಳ್ಳಬಹುದು.

ಒಂದು ನಾಲೆ ಶುಚಿಯಾಗದೆ ಉಳಿದ್ರೆ ಅದರೊಳಗಿನ ರೋಗಾಣು ಬೇರಿನ ತುದಿಯಲ್ಲಿ ಮತ್ತೆ ಸೋಂಕು ಎಬ್ಬಿಸುತ್ತೆ. ಅದರಲ್ಲಿ ಜೀವಂತ ನರ ಉಳಿದಿದ್ರೆ ಬಿಸಿ ಚಹಾಕ್ಕೋ ತಣ್ಣೀರಿಗೋ ಆ ಹಲ್ಲು ಜುಂ ಅನ್ನಬಹುದು. ಪೂರ್ತಿ ನರ ಹೋದ ಹಲ್ಲಿಗೆ ಬಿಸಿ, ತಂಪು ಗೊತ್ತಾಗಬಾರದು. ಗೊತ್ತಾಗ್ತಿದ್ರೆ ಒಂದೋ ನಾಲೆ ಉಳಿದಿದೆ, ಇಲ್ಲ ನೋಯ್ತಿರೋದು ಪಕ್ಕದ ಹಲ್ಲು. ಇದನ್ನು ಡಾಕ್ಟರ್‌ಗೆ ಬಿಡಿಸಿ ಹೇಳಬೇಕು, ಪತ್ತೆ ಮಾಡೋಕೆ ಅವರಿಗೆ ಅನುಕೂಲ ಆಗುತ್ತೆ.

ತುಂಬಿದ ವಸ್ತು ಬೇರಿನ ತುದಿ ದಾಟಿ ಸ್ವಲ್ಪ ಹೊರಗೆ ಹೋಗಿದ್ರೂ ಕೆಲ ದಿನ ಕಚ್ಚಿದಾಗ ನೋವಿರುತ್ತೆ. ಎಕ್ಸ್‌ರೇಯಲ್ಲಿ ಇದು ಕಾಣುತ್ತೆ. ಬಹಳ ಸಲ ತಾನೇ ಇಳಿಯುತ್ತೆ, ಇಳಿಯದಿದ್ರೆ ಮುಂದಿನ ಚಿಕಿತ್ಸೆ ಬೇಕು.

ಒಸಡಿನ ಮೇಲೆ ಸಣ್ಣ ಗುಳ್ಳೆ ಎದ್ದು, ಒಡೆದು ಕೀವು ಬಂದು, ಮತ್ತೆ ತುಂಬಿಕೊಳ್ತಿದ್ರೆ ಒಳಗೆ ಸೋಂಕು ಇದೆ ಅಂತಲೇ ತಿಳಿಯಬೇಕು. ಇದು ಮೋಸದ ಲಕ್ಷಣ. ಕೀವು ಹೊರಗೆ ಹೋದ ತಕ್ಷಣ ನೋವು ಕಮ್ಮಿಯಾಗುತ್ತೆ, ‘ವಾಸಿಯಾಯ್ತು’ ಅಂತ ಜನ ಸುಮ್ಮನಾಗ್ತಾರೆ. ಒಳಗೆ ಬೇರಿನ ಸುತ್ತಲಿನ ಮೂಳೆ ಕರಗ್ತಾ ಇರುತ್ತೆ.

ಇಂಥ ಹಲ್ಲನ್ನು ಕೀಳಲೇಬೇಕು ಅಂತಿಲ್ಲ. ಹಳೆಯದನ್ನು ತೆಗೆದು ಮತ್ತೆ ರೂಟ್ ಕೆನಾಲ್ ಮಾಡಬಹುದು. ಅದೂ ಆಗದಿದ್ರೆ ಒಸಡು ಬಿಡಿಸಿ ಬೇರಿನ ತುದಿ ಕತ್ತರಿಸಿ ಮುಚ್ಚುವ ಸಣ್ಣ ಶಸ್ತ್ರಚಿಕಿತ್ಸೆ ಇದೆ. ಈ ಕೆಲಸದಲ್ಲಿ ಪರಿಣತರಾದವರಿಗೆ ಎಂಡೋಡಾಂಟಿಸ್ಟ್ ಅಂತಾರೆ.

ಕ್ಯಾಪ್ ಹಾಕಿಸದೆ ಬಿಟ್ಟವರ ಹಲ್ಲು

ಜನ ಹೆಚ್ಚು ಎಡವೋದು ಇಲ್ಲೇ. ನೋವು ಹೋಯ್ತಲ್ಲ, ಕ್ಯಾಪಿಗೆ ಬೇರೆ ದುಡ್ಡು ಯಾಕೆ, ಕೊಯ್ಲಿನ ದುಡ್ಡು ಬಂದ ಮೇಲೆ ನೋಡೋಣ ಅಂತ ತಾತ್ಕಾಲಿಕ ಸಿಮೆಂಟಿನಲ್ಲೇ ಉಳಿದುಬಿಡ್ತಾರೆ. ಆ ಸಿಮೆಂಟು ಕೆಲವು ದಿನ, ಹೆಚ್ಚಂದ್ರೆ ಕೆಲವು ವಾರ ತಡೆಯೋಕೆ ಅಂತ ಹಾಕಿದ್ದು. ಅದು ಸವೆದು ಸಂದಿ ಬಿಟ್ಟಾಗ ಎಂಜಲಿನ ಜೊತೆ ರೋಗಾಣು ಒಳಗೆ ಇಳಿಯುತ್ತೆ. ಮಾಡಿಸಿದ ಚಿಕಿತ್ಸೆ ಅಲ್ಲಿಗೆ ನೀರುಪಾಲು.

ಅದಕ್ಕಿಂತ ದೊಡ್ಡ ಅಪಾಯ ಹಲ್ಲು ಸೀಳೋದು. ಹುಳುಕು ತಿಂದಿದ್ದು ಒಂದಷ್ಟು, ಡಾಕ್ಟರ್ ದಾರಿ ಮಾಡೋಕೆ ಕೊರೆದಿದ್ದು ಒಂದಷ್ಟು. ಉಳಿದಿರೋದು ಸುತ್ತಲಿನ ಗೋಡೆ ಮಾತ್ರ. ಸೌದೆ ಸೀಳುವಾಗ ಬೆಣೆ ಇಟ್ಟು ಹೊಡೆದ ಹಾಗೆ, ಗಟ್ಟಿ ವಸ್ತು ಆ ಗೋಡೆಗಳ ನಡುವೆ ಸಿಕ್ಕಿದ್ರೆ ಹಲ್ಲು ಎರಡು ಹೋಳಾಗಬಹುದು. ನಮ್ಮ ತಾಲ್ಲೂಕಲ್ಲಿ ಆ ಗಟ್ಟಿ ವಸ್ತು ಯಾವುದು ಅಂತ ಹೇಳಬೇಕಾಗಿಲ್ಲ. ತೋಟದಲ್ಲಿ, ಮಂಡಿಯಲ್ಲಿ, ಅಂಗಡಿ ಗಲ್ಲಾದ ಮೇಲೆ ಎಲ್ಲಿ ನೋಡಿದ್ರೂ ಅಡಿಕೆ ಸಿಗುತ್ತೆ. ಅಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣ ಅನ್ನೋದು ಒಂದು ಕಡೆ ಇರಲಿ, ನರ ತೆಗೆಸಿದ ಹಲ್ಲಲ್ಲಿ ಅಡಿಕೆ ಅಗಿಯೋದು ಹಲ್ಲಿಗೆ ಬೆಣೆ ಹೊಡೆದ ಹಾಗೇನೇ.

ಬಿರುಕು ಮೇಲ್ಭಾಗದಲ್ಲಿ ಮಾತ್ರ ಇದ್ರೆ ಕ್ಯಾಪ್ ಹಾಕಿ ಉಳಿಸೋ ಅವಕಾಶ ಇರುತ್ತೆ. ಬೇರಿನ ಉದ್ದಕ್ಕೂ ಸೀಳಿದ್ರೆ ಸಾಮಾನ್ಯವಾಗಿ ಆ ಹಲ್ಲನ್ನೋ, ಸೀಳಿದ ಬೇರನ್ನೋ ತೆಗೆಯದೆ ದಾರಿ ಇಲ್ಲ. ಒಂದು ನಿರ್ದಿಷ್ಟ ಜಾಗದಲ್ಲಿ ಕಚ್ಚಿದಾಗ ಮಾತ್ರ ಚುಚ್ಚಿದ ಹಾಗಾಗೋದು, ಆ ಹಲ್ಲಿನ ಒಂದೇ ಕಡೆ ಒಸಡು ಊದೋದು, ಆಗಾಗ ಗುಳ್ಳೆ ಏಳೋದು ಬಿರುಕಿನ ಲಕ್ಷಣ ಇರಬಹುದು. ಸಣ್ಣ ಬಿರುಕು ಎಕ್ಸ್‌ರೇಯಲ್ಲಿ ಬಹಳ ಸಲ ಕಾಣಲ್ಲ. ಹಾಗಾಗಿ ಡಾಕ್ಟರ್ ಸಣ್ಣ ಪ್ಲಾಸ್ಟಿಕ್ ಕಡ್ಡಿ ಕೊಟ್ಟು ಹಲ್ಲಿನ ಒಂದೊಂದು ಮೂಲೆಯಲ್ಲಿ ಕಚ್ಚಿಸಿ ನೋಡ್ತಾರೆ, ಒಸಡಿನ ಆಳ ಅಳೀತಾರೆ.

ಕ್ಯಾಪ್ ಎಷ್ಟು ಮುಖ್ಯ ಅನ್ನೋದಕ್ಕೆ 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕ ಇದೆ. ರೂಟ್ ಕೆನಾಲ್ ಆದ ಮೇಲೆ ಕ್ಯಾಪ್ ಹಾಕಿದ ಹಲ್ಲಿಗಿಂತ, ಹಾಕದ ಹಲ್ಲು ಕಳೆದುಕೊಳ್ಳುವ ಪ್ರಮಾಣ 6 ಪಟ್ಟು ಹೆಚ್ಚಿತ್ತು. ಎಲ್ಲ ಹಲ್ಲಿಗೂ ಕ್ಯಾಪ್ ಬೇಕೇ ಬೇಕು ಅಂತಿಲ್ಲ. ಹೆಚ್ಚು ಹಾಳಾಗದ ಮುಂದಿನ ಹಲ್ಲಿಗೆ ಒಳ್ಳೆ ಸಿಮೆಂಟ್ ಸಾಕಾಗಬಹುದು. ಅಗಿಯುವ ದವಡೆ ಹಲ್ಲಿಗೆ ಮಾತ್ರ ಸಾಮಾನ್ಯವಾಗಿ ಬೇಕು.

ನೋಯ್ತಿರೋದು ಅದೇ ಹಲ್ಲಾ?

ಹಲ್ಲುನೋವು ಜಾಗ ತಪ್ಪಿಸುತ್ತೆ. ಪಕ್ಕದ ಹಲ್ಲಿನ ಹುಳುಕು, ಎದುರಿನ ಹಲ್ಲಿನ ಬಿರುಕು ಎರಡೂ ರೂಟ್ ಕೆನಾಲ್ ಆದ ಹಲ್ಲಿನ ನೋವಿನ ಹಾಗೆ ಅನ್ನಿಸಬಹುದು. ಕ್ಯಾಪಿಗೂ ಪಕ್ಕದ ಹಲ್ಲಿಗೂ ನಡುವೆ ಸಂದಿ ಉಳಿದಿದ್ರೆ ಮಾಂಸದ ನಾರು, ಸೊಪ್ಪಿನ ಎಳೆ ಸಿಕ್ಕಿಕೊಂಡು ಒಸಡು ಊದಿ ಕಚ್ಚಿದಾಗ ನೋವಾಗುತ್ತೆ.

ಮೇಲಿನ ದವಡೆ ಹಲ್ಲುಗಳ ಬೇರು ಮೂಗಿನ ಪಕ್ಕದ ಸೈನಸ್‌ಗೆ ಹತ್ತಿರ ಇರುತ್ತೆ. ಜೋರು ನೆಗಡಿ, ಸೈನಸ್ ಕಟ್ಟಿದಾಗ ಮೇಲಿನ ಎರಡು ಮೂರು ಹಲ್ಲು ಒಟ್ಟಿಗೆ ನೋಯಬಹುದು, ಬಗ್ಗಿದಾಗ ಮುಖ ಭಾರ ಅನ್ನಿಸುತ್ತೆ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇದ್ದವರಿಗೆ ಬೆಳಿಗ್ಗೆ ಎದ್ದ ತಕ್ಷಣ ನೋವು ಜಾಸ್ತಿ. ಇಂಥವರಿಗೆ ರಾತ್ರಿ ಹಾಕಿಕೊಳ್ಳುವ ಗಾರ್ಡ್ ಮಾಡಿಕೊಡ್ತಾರೆ.

ಮಾತ್ರೆ, ಲವಂಗದ ಎಣ್ಣೆ, ಹೊಗೆಸೊಪ್ಪು

ಅಂಗಡಿ ಬಿಟ್ಟು ಹೋಗೋಕಾಗಲ್ಲ ಅಂತ ಮೆಡಿಕಲ್ ಶಾಪಲ್ಲಿ ‘ಹಲ್ಲುನೋವಿಗೆ ಎರಡು ಕೊಡಿ’ ಅಂತ ಕೇಳೋದು ಮಾಮೂಲು. ಮೊದಲ ಎರಡು ಮೂರು ದಿನಕ್ಕೆ ಡಾಕ್ಟರ್ ಬರೆದ ನೋವಿನ ಮಾತ್ರೆ ತಗೊಳ್ಳೋದು ತಪ್ಪಲ್ಲ. ಆದ್ರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿ ತೊಂದರೆ, ಬಿಪಿ, ಅಸ್ತಮಾ ಇರುವವರು, ಹೃದಯದ ಕಾಯಿಲೆಗೆ ಔಷಧಿ ತಗೊಳ್ತಿರೋರು, ಗರ್ಭಿಣಿಯರು ಐಬುಪ್ರೊಫೆನ್ ಥರದ ಮಾತ್ರೆಯನ್ನು ಕೇಳದೆ ನುಂಗಬಾರದು.

ಆ್ಯಂಟಿಬಯೋಟಿಕ್ ನೋವಿನ ಮಾತ್ರೆ ಅಲ್ಲ. ಕ್ಯಾಪ್ ಎತ್ತರ ಆಗಿದ್ದಕ್ಕೋ, ಬಿರುಕು ಬಿಟ್ಟಿದ್ದಕ್ಕೋ ಅದು ಏನೂ ಮಾಡಲ್ಲ. ಊತ, ಜ್ವರ ಇದ್ದಾಗ ಡಾಕ್ಟರ್ ಕೊಡಬಹುದು. ಕೊಟ್ಟರೆ ಅವರು ಹೇಳಿದಷ್ಟು ದಿನ ತಗೋಬೇಕು. ಎರಡೇ ಮಾತ್ರೆ ತಗೊಂಡು ಬಿಟ್ಟರೆ ನೋವು ಸ್ವಲ್ಪ ಅಡಗಬಹುದು, ಸೋಂಕಿನ ಮೂಲ ಹಲ್ಲಿನೊಳಗೇ ಕೂತಿರುತ್ತೆ.

ಲವಂಗದ ಎಣ್ಣೆ ಕ್ಯಾಪ್ ದಾಟಿ ಬೇರಿನ ತುದಿಗೆ ಹೋಗಲ್ಲ, ಜಾಸ್ತಿ ಹಾಕಿದ್ರೆ ಒಸಡು ಸುಡುತ್ತೆ. ಹೊಗೆಸೊಪ್ಪು ಒತ್ತಿಡೋದು, ಮಾತ್ರೆ ಪುಡಿ ಮಾಡಿ ಒಸಡಿಗೆ ಇಡೋದು ಎರಡೂ ಗಾಯ ಮಾಡುತ್ತೆ. ಊದಿದ ಕೆನ್ನೆಗೆ ಬಿಸಿ ಶಾಖ ಕೊಡೋದೂ ಬೇಡ.

ಯಾವಾಗ ತೋರಿಸಬೇಕು?

* ಕೆಲವು ದಿನದಿಂದ ಒಂದು ವಾರ, ದಿನದಿಂದ ದಿನಕ್ಕೆ ನೋವು ಇಳಿಯುತ್ತಿದ್ರೆ: ಕಾಯಬಹುದು.
* ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗುತ್ತಿದ್ರೆ: ಎಷ್ಟನೇ ದಿನವಾದ್ರೂ ಹೋಗಿ ಸರಿ ಮಾಡಿಸಿಕೊಳ್ಳಬೇಕು.
* ವಾರ ಕಳೆದರೂ ನೋವು ಇಳಿಯದಿದ್ರೆ, ಇಳಿದ ನೋವು ಮತ್ತೆ ಏರಿದ್ರೆ, ಒಸಡಲ್ಲಿ ಗುಳ್ಳೆ ಬಂದ್ರೆ, ಸಿಮೆಂಟ್ ಅಥವಾ ಕ್ಯಾಪ್ ಬಿದ್ದುಹೋದ್ರೆ: ಎರಡು ಮೂರು ದಿನದೊಳಗೆ ತೋರಿಸಬೇಕು.
* ಚಿಕಿತ್ಸೆಯಾದ ಒಂದೆರಡು ದಿನದಲ್ಲಿ ಕೆನ್ನೆ ಊದಿಕೊಂಡು ತಡೆಯಲಾಗದ ನೋವು ಬಂದ್ರೆ: ಅವತ್ತೇ ಫೋನ್ ಮಾಡಿ ಹೋಗಬೇಕು.
* ಊತ ಕಣ್ಣಿನ ಕಡೆ ಅಥವಾ ಕುತ್ತಿಗೆಗೆ ಹರಡಿದ್ರೆ, ಜ್ವರ ಬಂದ್ರೆ, ಬಾಯಿ ತೆರೆಯೋಕೆ, ನುಂಗೋಕೆ, ಉಸಿರಾಡೋಕೆ ಕಷ್ಟ ಆದ್ರೆ: ಹಲ್ಲಿನ ಕ್ಲಿನಿಕ್ ತೆರೆಯೋದನ್ನ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಬೇಕಾದ್ರೆ 108ಕ್ಕೆ ಕರೆ ಮಾಡಬೇಕು. ಇದು ಜೀವಕ್ಕೆ ಅಪಾಯ ತರುವ ಸೋಂಕು.

ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಸೋಂಕು ಬೇಗ ಹರಡಬಹುದು, ಗಾಯ ಮಾಗೋದು ನಿಧಾನ. ಅವರು ಊತ ಕಂಡ ದಿನವೇ ಹೋಗಬೇಕು.

ಹೋಗುವಾಗ ಏನು ಕೇಳಬೇಕು, ಎಲ್ಲಿಗೆ ಹೋಗಬೇಕು?

ತಾಲ್ಲೂಕು ಕೇಂದ್ರಗಳ ಎಷ್ಟೋ ಕ್ಲಿನಿಕ್‌ಗಳಲ್ಲಿ ರೂಟ್ ಕೆನಾಲ್ ಮಾಡೋಕೆ ಬೇರೆ ಊರಿಂದ ವಾರಕ್ಕೊಮ್ಮೆ ಡಾಕ್ಟರ್ ಬರ್ತಾರೆ. ನೋವು ಬಂದ ದಿನ ಅವರು ಇರಲ್ಲ. ಹಾಗಾಗಿ ಚಿಕಿತ್ಸೆ ಶುರು ಮಾಡುವಾಗಲೇ ತೊಂದರೆ ಆದ್ರೆ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿಟ್ಟುಕೊಳ್ಳಬೇಕು. ಎಷ್ಟು ನಾಲೆ ಸಿಕ್ಕವು, ಕ್ಯಾಪ್ ಬೇಕಾ, ಬೇಕಿದ್ರೆ ಎಷ್ಟು ದಿನದೊಳಗೆ, ಕ್ಯಾಪ್ ಸೇರಿ ಒಟ್ಟು ಖರ್ಚೆಷ್ಟು ಅಂತಲೂ ಮೊದಲೇ ಕೇಳಬಹುದು. ಕೇಳೋದಕ್ಕೆ ಸಂಕೋಚ ಬೇಡ. ಮೊದಲಿನ ಮತ್ತು ಮುಗಿದ ಮೇಲಿನ ಎಕ್ಸ್‌ರೇ, ಬಿಲ್ಲು, ಚೀಟಿ ಜೋಪಾನ ಮಾಡಬೇಕು. ಎಕ್ಸ್‌ರೇಯ ಫೋಟೋ ಮೊಬೈಲಲ್ಲಿ ಇದ್ರೂ ಇನ್ನೊಬ್ಬ ಡಾಕ್ಟರ್‌ಗೆ ತೋರಿಸೋಕೆ ಅನುಕೂಲ. ಬೇರಿನ ತುದಿಯಲ್ಲಿದ್ದ ಹಳೇ ಸೋಂಕಿನ ಕಪ್ಪು ಗುರುತು ಎಕ್ಸ್‌ರೇಯಲ್ಲಿ ಮಾಯವಾಗೋಕೆ ತಿಂಗಳುಗಳೇ ಬೇಕು, ಕೆಲವೊಮ್ಮೆ ವರ್ಷ ದಾಟುತ್ತೆ. ಹಳೇ ಎಕ್ಸ್‌ರೇ ಪಕ್ಕದಲ್ಲಿಟ್ಟು ನೋಡಿದ್ರೆ ಮಾತ್ರ ಗುರುತು ಚಿಕ್ಕದಾಗ್ತಿದೆಯಾ ದೊಡ್ಡದಾಗ್ತಿದೆಯಾ ಅಂತ ತಿಳಿಯುತ್ತೆ.

ಮೊದಲು ಚಿಕಿತ್ಸೆ ಮಾಡಿದ ಡಾಕ್ಟರ್ ಹತ್ತಿರವೇ ಹೋಗೋದು ಒಳ್ಳೇದು, ಒಳಗೆ ಏನು ಮಾಡಿದ್ದಾರೆ ಅಂತ ಅವರಿಗೇ ಗೊತ್ತಿರುತ್ತೆ. ಸಮಾಧಾನ ಆಗದಿದ್ರೆ ಇನ್ನೊಬ್ಬರ ಅಭಿಪ್ರಾಯ ಕೇಳುವ ಹಕ್ಕು ಎಲ್ಲರಿಗೂ ಇದೆ. ದಾವಣಗೆರೆಯಲ್ಲಿ ಬಾಪೂಜಿ ಡೆಂಟಲ್ ಕಾಲೇಜ್ ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್, ಶಿವಮೊಗ್ಗದಲ್ಲಿ ಶರಾವತಿ ಡೆಂಟಲ್ ಕಾಲೇಜ್ ಇವೆ. ದಂತ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಕಮ್ಮಿ, ಸಮಯ ಜಾಸ್ತಿ ಹಿಡಿಯುತ್ತೆ. ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲೂ ಮೊದಲ ತಪಾಸಣೆ ಮಾಡಿಸಬಹುದು. ಅಲ್ಲಿ ರೂಟ್ ಕೆನಾಲ್ ಸೌಲಭ್ಯ ಇದೆಯಾ ಅಂತ ಮೊದಲೇ ವಿಚಾರಿಸಿಕೊಂಡು ಹೋದ್ರೆ ಒಂದು ದಿನದ ವ್ಯಾಪಾರ ಉಳಿಯುತ್ತೆ.

ಕ್ಯಾಪ್ ಇನ್ನೂ ಹಾಕಿಸದೆ ತಾತ್ಕಾಲಿಕ ಸಿಮೆಂಟಿನಲ್ಲೇ ಇರುವವರು ನೋವು ಬರಲಿ ಅಂತ ಕಾಯಬೇಕಾಗಿಲ್ಲ. ಹಲ್ಲು ಸೀಳಿದ ಮೇಲೆ ಯಾವ ಡಾಕ್ಟರ್‌ಗೂ ಅದನ್ನು ಮತ್ತೆ ಜೋಡಿಸೋಕೆ ಬರಲ್ಲ. ಈ ವಾರವೇ ಕ್ಲಿನಿಕ್‌ಗೆ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳೋದು ಒಳ್ಳೇದು, ಅಲ್ಲಿಯವರೆಗೆ ಆ ಕಡೆ ಅಡಿಕೆ ಅಗಿಯೋದು ಬೇಡ.